ಸರೋವರತೀರದ ಭವನ

ಸ್ಲೊವೇನಿಯವು ಮಧ್ಯ ಯೂರೋಪಿನ ಒಂದು ಚಿಕ್ಕ ದೇಶ. ಅದರ ವಾಯವ್ಯ ಭಾಗದಲ್ಲಿ, ಹಿಮ ಹೊದ್ದ ಪರ್ವತಗಳ ಮಡಿಲಲ್ಲಿ, ಬ್ಲೆಡ್ ಎಂಬ ಸರೋವರವಿದೆ. ಅದರ ಉದ್ದ ಎರಡು ಕಿಲೋಮೀಟರುಗಳಿಗಿಂತ ತುಸು ಹೆಚ್ಚು. ಅತ್ಯಂತ ಆಳವಾದ ಕಡೆಯಲ್ಲಿ ನೀರು ಸುಮಾರು 30 ಮೀಟರಿನಷ್ಟಿದೆ. ಸರೋವರದ ನಡುವೆ ಒಂದು ಪುಟ್ಟ ದ್ವೀಪ. ಅಲ್ಲಿನ ಚರ್ಚನ್ನು ತಲುಪಲು 99 ಮೆಟ್ಟಿಲುಗಳನ್ನು ಏರಬೇಕು. ಉತ್ತರದ ಕಡಿದಾದ ಬಂಡೆಯ ನೆತ್ತಿಯಲ್ಲಿ ಪುರಾತನವಾದ ಕೋಟೆ ನಿಂತಿದೆ. ದಕ್ಷಿಣದ ದಡದಲ್ಲಿ, ವಿಶಾಲವಾದ ಉದ್ಯಾನದ ನಡುವೆ, ‘ವಿಲಾ ಬ್ಲೆಡ್’ ಎಂಬ ಭವನವಿದೆ. ಒಂದು ಕಟ್ಟಡದ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬುದರಲ್ಲಿಯೇ ಒಂದು ಕಾಲದ ಚರಿತ್ರೆಯನ್ನು ಓದಬಹುದೆಂಬುದಕ್ಕೆ ಈ ಭವನವು ಒಳ್ಳೆಯ ನಿದರ್ಶನ.

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಸ್ಲೊವೇನಿಯವು ಯುಗೊಸ್ಲಾವಿಯ ರಾಜ್ಯದ ಒಂದು ಭಾಗವಾಗಿತ್ತು. ಅಲ್ಲಿನ ರಾಜಕುಟುಂಬವು ಬೇಸಿಗೆಯನ್ನು ಈ ಸರೋವರದ ದಡದಲ್ಲಿ ಕಳೆಯುತ್ತಿತ್ತು. 1941ರಲ್ಲಿ ಜರ್ಮನಿಯು ಯುಗೊಸ್ಲಾವಿಯದ ಮೇಲೆ ದಾಳಿ ಮಾಡಿತು. ರಾಜಕುಟುಂಬವು ದೇಶವನ್ನು ಬಿಟ್ಟು ಹೊರಟಿತು. ಕಾಡುಮೇಡುಗಳಲ್ಲಿ ಅಡಗಿ ಶತ್ರುವಿನೊಡನೆ ಹೋರಾಡಿದ ಪಾರ್ಟಿಸಾನ್ ಯೋಧರ ನಾಯಕನಾದ ಟಿಟೊ ಯುದ್ಧಾನಂತರ ದೇಶದ ಆಡಳಿತ ಸೂತ್ರವನ್ನು ಹಿಡಿದನು. 1945ರ ನವೆಂಬರಿನಲ್ಲಿ ಅರಸೊತ್ತಿಗೆ ರದ್ದಾಗಿ, ಕಮ್ಯುನಿಸ್ಟ್ ಪಕ್ಷದ ಆಡಳಿತವು ನೆಲೆಗೊಂಡಿತು.

ಅರಸರು ಹೋದರೂ ಅರಸರಿಗೆ ಪ್ರಿಯವಾಗಿದ್ದ ದಡವು ಬರಿದಾಗಲಿಲ್ಲ. ವಿಂಕೊ ಗ್ಲಾನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1947ರ ಹೊತ್ತಿಗೆ ಅಲ್ಲಿ ಹೊಸ ಭವನವು ಸಿದ್ಧವಾಯಿತು. ಅದು ಟಿಟೊನ ಬೇಸಿಗೆಯ ನಿವಾಸವಾಯಿತು. ಅದರ ದೊಡ್ಡ ಸಭಾಂಗಣದ ಗೋಡೆಯ ಮೇಲೆ ಸ್ಲಾವ್ಕೊ ಪೆಂಗೊವ್ ಎಂಬ ಕಲಾವಿದನು ವಿಮೋಚನಾ ಹೋರಾಟದ ದೃಶ್ಯಗಳನ್ನು ಬೃಹತ್ತಾದ ಭಿತ್ತಿಚಿತ್ರವಾಗಿ ರಚಿಸಿದನು.

ಭವನದ ಉಪಯೋಗವು ವಿಶ್ರಾಂತಿಗೆ ಮಾತ್ರ ಸೀಮಿತವಾಗಿರಲಿಲ್ಲ. ಟಿಟೊ 1948ರಲ್ಲಿ ಸೋವಿಯತ್ ಒಕ್ಕೂಟದ ಸ್ಟಾಲಿನ್‌ನೊಡನೆ ಮುನಿದು ತನ್ನದೇ ಆದ ದಾರಿಯನ್ನು ಹಿಡಿದನು. ಮುಂದೆ ಭಾರತದ ನೆಹರೂ, ಈಜಿಪ್ಟಿನ ನಾಸೆರ್ ಮೊದಲಾದವರೊಡನೆ ಕೂಡಿ ಅಲಿಪ್ತ ಚಳುವಳಿಯನ್ನು ಕಟ್ಟಿದನು. ಅದರ ಮೊದಲ ಸಮ್ಮೇಳನವು 1961ರಲ್ಲಿ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ನಡೆಯಿತು. ಇಂತಹ ನಾಯಕನ ಬೇಸಿಗೆಮನೆಗೆ ನಾನಾ ದೇಶಗಳ ಮುಖಂಡರು ಬಂದು ಹೋದುದು ಸಹಜವೇ. ಇಂದಿರಾ ಗಾಂಧಿಯವರೂ ಇಲ್ಲಿನ ಅತಿಥಿಗಳಲ್ಲಿ ಒಬ್ಬರು.

ಇಲ್ಲಿ ಒಂದು ವಿರೋಧಾಭಾಸವನ್ನು ಗಮನಿಸಬೇಕು. ದೇಶದ ಸಂಪತ್ತೆಲ್ಲವೂ ದುಡಿಯುವ ಜನರದು ಎಂಬುದು ಆ ಆಡಳಿತದ ಮೂಲತತ್ತ್ವ. ಆದರೆ ಜನರ ಹೆಸರಿನಲ್ಲಿ ಕಟ್ಟಿದ ಭವನದೊಳಗೆ ಜನಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ದುಡಿದವರ ಚಿತ್ರ ಗೋಡೆಯ ಮೇಲಿತ್ತು. ದುಡಿದವರು ಮಾತ್ರ ಬೇಲಿಯ ಹೊರಗಿದ್ದರು.

ಟಿಟೊ 1980ರ ಮೇ 4ರಂದು ನಿಧನನಾದನು. ದೇಶವು ಆಗ ವಿದೇಶಿ ಸಾಲದ ಭಾರದಿಂದ ಬಳಲುತ್ತಿತ್ತು. ಒಬ್ಬ ನಾಯಕನಿಗಾಗಿ ಮೀಸಲಾಗಿದ್ದ ಮನೆಗೆ ಇನ್ನು ಯಜಮಾನನಿರಲಿಲ್ಲ. ಆದರೆ ತೋಟವನ್ನು ನೋಡಿಕೊಳ್ಳುವ, ಮಾಡನ್ನು ದುರಸ್ತಿಪಡಿಸುವ ವೆಚ್ಚ ನಿಲ್ಲುವಂತಿರಲಿಲ್ಲ. 1984ರಲ್ಲಿ ಭವನವನ್ನು ಹೋಟೆಲನ್ನಾಗಿ ಮಾರ್ಪಡಿಸಲಾಯಿತು. ಕಮ್ಯುನಿಸ್ಟ್ ಆಡಳಿತವು ಇನ್ನೂ ಇದ್ದಾಗಲೇ ಈ ಬಾಗಿಲು ತೆರೆಯಿತೆಂಬುದು ಗಮನಾರ್ಹ. ಸ್ಲೊವೇನಿಯವು ಸ್ವತಂತ್ರ ರಾಷ್ಟ್ರವಾದುದು ಅನಂತರ, 1991ರಲ್ಲಿ.

ನಿವಾಸವನ್ನು ಹೋಟೆಲಾಗಿಸುವುದು ಸುಲಭದ ಕೆಲಸವಲ್ಲ. ನಿವಾಸವು ಕೆಲವರ ಅನುಕೂಲಕ್ಕಾಗಿ ಕಟ್ಟಿದ್ದು. ಹೋಟೆಲಾದರೋ ದಿನದಿನವೂ ಹೊಸಬರನ್ನು ಬರಮಾಡಿಕೊಳ್ಳಬೇಕು. ಅದಕ್ಕೆ ತಕ್ಕಂತೆ ಕೊಠಡಿಗಳು, ಸ್ನಾನಗೃಹಗಳು, ಅಡಿಗೆಮನೆಗಳು ಸಜ್ಜಾಗಬೇಕು. ಅದಕ್ಕಿಂತ ಕಠಿಣವಾದುದು ಇನ್ನೊಂದು ಪ್ರಶ್ನೆ: ಹಳೆಯದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು? ಆಡಳಿತಗಳು ಬದಲಾದಾಗ ಪ್ರತಿಮೆಗಳನ್ನು ಉರುಳಿಸಿ, ಚಿತ್ರಗಳಿಗೆ ಸುಣ್ಣ ಬಳಿದ ನಿದರ್ಶನಗಳು ಪೂರ್ವ ಯೂರೋಪಿನಲ್ಲಿ ಹಲವಾರಿವೆ. ವಿಲಾ ಬ್ಲೆಡ್‌ನಲ್ಲಿ ಹಾಗಾಗಲಿಲ್ಲ. ಪೆಂಗೊವನ ಭಿತ್ತಿಚಿತ್ರ ಉಳಿಯಿತು. ಟಿಟೊನ ಕಾಲದ ಪೀಠೋಪಕರಣಗಳೂ ಅಲಂಕಾರಗಳೂ ಬಹುಮಟ್ಟಿಗೆ ಉಳಿದವು. ಹೊಸ ಕಾಲದ ಪ್ರವಾಸಿಗರನ್ನು ಅಲ್ಲಿಗೆ ಸೆಳೆದುದರಲ್ಲಿ ಸರೋವರದ ಚೆಲುವಿನ ಜೊತೆಗೆ ಈ ಹಳೆಯ ಗುರುತುಗಳ ಪಾಲೂ ಇತ್ತು.

ಹಾಗಾದರೆ ಭವನವು ನಿಜವಾಗಿಯೂ ಜನರದಾಯಿತೆ? ಈ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಮೊದಲು ಅಧಿಕಾರವುಳ್ಳವರಿಗೆ ತೆರೆಯುತ್ತಿದ್ದ ಬಾಗಿಲು ಅನಂತರ ಹಣವುಳ್ಳವರಿಗೆ ತೆರೆಯಿತು. ಹಣವೂ ಒಂದು ಬಗೆಯ ಬೇಲಿಯೇ. ಆದರೂ ಎರಡಕ್ಕೂ ಒಂದು ವ್ಯತ್ಯಾಸವಿದೆ. ಹಿಂದೆ ಒಳಗೆ ಏನಿದೆಯೆಂಬುದೇ ಗುಟ್ಟಾಗಿತ್ತು. ಅನಂತರ ಅಲ್ಲಿನ ಚರಿತ್ರೆಯನ್ನು ಕಣ್ಣಾರೆ ಕಂಡು ವಿಮರ್ಶಿಸುವುದು ಸಾಧ್ಯವಾಯಿತು. ಗತಕಾಲವನ್ನು ಪೂಜಿಸದೆ, ಮರೆಮಾಚದೆ, ಅದರ ಹಿರಿಮೆಯನ್ನೂ ದೋಷವನ್ನೂ ಒಟ್ಟಿಗೆ ನೋಡಬಲ್ಲ ಸಮಾಜವೇ ಪ್ರಬುದ್ಧವಾದುದು. ಗೋಡೆಗಳನ್ನು ಉಳಿಸಿಕೊಂಡು ಬಾಗಿಲನ್ನು ತೆರೆದ ಈ ಭವನದಿಂದ ನಾವು ಕಲಿಯಬಹುದಾದ ಪಾಠ ಇದೇ ಆಗಿದೆ.