ಗುಟುಕಿಗೊಂದು ಮಾತು

ಕುಡಿಯುವವರು ಲೋಕದಲ್ಲಿ ಬಹಳ ಮಂದಿ, ಸವಿಯುವವರು ಕೆಲವರು, ಸವಿದುದನ್ನು ಮಾತಿನಲ್ಲಿ ಹಿಡಿದುಕೊಡಬಲ್ಲವರು ತೀರ ವಿರಳ. ಕಾವ್ಯದ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತು ಕಾಫಿಗೂ ಜೇನಿಗೂ ಮಾವಿನ ಹಣ್ಣಿಗೂ ಸಲ್ಲುತ್ತದೆ. ವಿಸ್ಕಿಗೂ ಸಲ್ಲುತ್ತದೆಂದು ಹೇಳಹೊರಟರೆ ಮಾತ್ರ ನಮ್ಮವರ ಹುಬ್ಬು ಗಂಟಿಕ್ಕುತ್ತದೆ. ಹೇಳುವವನು ಕನ್ನಡ ಪಾಠ ಹೇಳುವ ಮೇಷ್ಟರಾದರಂತೂ ಕೇಳುವುದೇ ಬೇಡ. ಆ ಗಂಟಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಅದರ ಮಾತನ್ನು ಮುಂದೆ ಎತ್ತಿಕೊಳ್ಳುತ್ತೇನೆ. ಮೊದಲು, ಸವಿಯುವುದೆಂದರೇನು ಎಂಬುದನ್ನು ವಾಚಕರು ನನ್ನೊಡನೆ ಸ್ವಲ್ಪ ವಿಚಾರಿಸಬೇಕೆಂದು ಪ್ರಾರ್ಥನೆ.

ವಿಸ್ಕಿಯ ರುಚಿಗೋಷ್ಠಿ ಎಂಬುದೊಂದುಂಟು. ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ಅದು ಅಪರೂಪವಲ್ಲ. ಹಲವು ವರ್ಷಗಳಿಂದ ಈ ವಿಷಯದಲ್ಲಿ ಕುತೂಹಲವಿಟ್ಟುಕೊಂಡು ಬಂದಿರುವ ನಾನು ಹುಣಸೂರಿನಿಂದ ಬಸ್ಸು ಹತ್ತಿ ಅಂತಹ ಒಂದು ಗೋಷ್ಠಿಗೆ ಹೋಗಿದ್ದೆ. ಇಪ್ಪತ್ತು ಜನ ಮೇಜಿನ ಸುತ್ತ ಕುಳಿತಿದ್ದೆವು. ಒಬ್ಬೊಬ್ಬರ ಮುಂದೆಯೂ ಕೆಳಗೆ ಉಬ್ಬಿ ಬಾಯಿಯ ಬಳಿ ಕಿರಿದಾದ, ಅರೆಬಿರಿದ ಮೊಗ್ಗಿನಂತಹ ನಾಲ್ಕು ಗಾಜಿನ ಲೋಟಗಳು, ಪ್ರತಿಯೊಂದರಲ್ಲಿಯೂ ಎರಡು ಚಮಚೆಗಿಂತ ಹೆಚ್ಚಿಲ್ಲದಷ್ಟು ದ್ರವ, ಪಕ್ಕದಲ್ಲಿ ನೀರು. ಬೇಕಾದವರಿಗೆ ಉಗುಳಲು ಒಂದು ಪಾತ್ರೆ. ಅಲ್ಲಿ ಅಬ್ಬರವಿಲ್ಲ, ಹಾಡಿಲ್ಲ. ಪರೀಕ್ಷೆಯ ಕೊಠಡಿಯ ಮೌನ ಎಂದರೆ ಸರಿಯಾದೀತು. ಮೊದಲು ಬಣ್ಣವನ್ನು ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಬಾಯನ್ನು ತುಸು ತೆರೆದುಕೊಂಡು ಮೂಸಬೇಕು. ಇಲ್ಲವಾದರೆ ಘಾಟು ಮೂಗಿಗೆ ಹೊಡೆದು ಮಿಕ್ಕ ಕಂಪುಗಳೆಲ್ಲ ಅಡಗಿಬಿಡುತ್ತವೆ. ಬಳಿಕ ಒಂದೇ ಗುಟುಕನ್ನು ನಾಲಗೆಯ ಮೇಲೆ ಹೊರಳಾಡಿಸಿ, ಅದು ಹೋದ ಮೇಲೆ ಗಂಟಲಿನಲ್ಲಿ ಏನುಳಿಯಿತೆಂದು ಕಾಯಬೇಕು. ಕೊನೆಗೆ, ಕಂಡದ್ದನ್ನು ಹೇಳಬೇಕು. ಗೋಷ್ಠಿಯ ಕಷ್ಟದ ಭಾಗ ಇದೇ.

ಈ ಪಾನೀಯದ ಹುಟ್ಟನ್ನು ತಿಳಿಯಲು ನಮ್ಮವರು ಬಹುದೂರ ಹೋಗಬೇಕಾಗಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸಿ ಮಗುವಿಗೆ ಕಾಯಿಸಿಕೊಡುವ ತಾಯಿಗೆ ವಿಸ್ಕಿಯ ಮೊದಲ ಪಾಠ ಗೊತ್ತು. ಮೊಳೆತ ಕಾಳಿನಲ್ಲಿ ಹಿಟ್ಟಿನ ಅಂಶ ಸಕ್ಕರೆಯಾಗಲು ಅಣಿಯಾಗುತ್ತದೆ. ಆದ್ದರಿಂದಲೇ ಆ ಗಂಜಿಗೆ ಸಿಹಿ. ‘ಮಾಲ್ಟ್’ ಎಂಬ ಪರಭಾಷೆಯ ಮಾತು ರಾಗಿಮಾಲ್ಟಿನ ಮೂಲಕ ನಮ್ಮ ಮನೆಮಾತಾಗಿರುವುದು ಸುಮ್ಮನೆ ಅಲ್ಲ. ರಾಗಿಯ ಬದಲು ಜವೆಯನ್ನು, ಎಂದರೆ ಬಾರ್ಲಿಯನ್ನು, ಹೀಗೆಯೇ ಮೊಳೆಯಿಸಿ ಒಣಗಿಸಿ, ಅರೆದು, ಬಿಸಿನೀರಿನಲ್ಲಿ ಸಿಹಿಯನ್ನು ಇಳಿಸಿ, ಹುಳಿಬರಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಬಟ್ಟಿಯಿಳಿಸಿದರೆ ಬಣ್ಣವಿಲ್ಲದ ಸಾರವೊಂದು ಬರುತ್ತದೆ. ಅದನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗ ಅದು ವಿಸ್ಕಿಯಾಗುತ್ತದೆ. ಜವೆಯೂ ನಮ್ಮ ಸೀಮೆಗೆ ಅಪರಿಚಿತವಲ್ಲ. ೧೯೬೧ರಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ನೆಲೆಸಿರುವ ಟಿಬೆಟ್ಟಿನ ಜನರಿಗೆ ಹುರಿದ ಜವೆಯ ಹಿಟ್ಟು, ನಮಗೆ ರಾಗಿಯ ಹುರಿಹಿಟ್ಟು ಹೇಗೋ ಹಾಗೆ, ತಾಯಿನಾಡಿನ ಆಹಾರ.

ಜವೆಯ ವಿಸ್ಕಿ ಸ್ಕಾಟ್ಲೆಂಡಿನ ಸ್ವತ್ತು ಎಂಬುದು ಬಹುಕಾಲದ ನಂಬಿಕೆ. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರುವುದರಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರವೇ. ಯೂರೋಪಿನ ಕಾನೂನು ಅದನ್ನು ವಿಸ್ಕಿಯೆಂದು ಕರೆಯಗೊಡುವುದಿಲ್ಲ. ಈ ಸ್ಥಿತಿಯಲ್ಲಿ ೧೯೪೮ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಆರಂಭಿಸಿದ ಅಮೃತ್ ಡಿಸ್ಟಿಲರೀಸ್ ಒಂದು ಸಾಹಸಕ್ಕೆ ಕೈಹಾಕಿತು. ಸಮುದ್ರಮಥನದ ಅಮೃತವನ್ನು ನೆನಪಿಸುವ ಹೆಸರು ಅದು. ಮೈಸೂರು ರಸ್ತೆಯ ಕಡೆಯ ಕಂಬೀಪುರದಲ್ಲಿ ಅದರ ಬಟ್ಟಿಮನೆ. ಸಂಸ್ಥಾಪಕರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ಓದುತ್ತಿದ್ದಾಗ, ಭಾರತದ ಜವೆಯ ವಿಸ್ಕಿ ಆ ನಾಡಿನಲ್ಲಿ ಸಲ್ಲುವುದೆ ಎಂಬುದನ್ನೇ ತಮ್ಮ ಅಧ್ಯಯನದ ವಸ್ತುವಾಗಿ ಮಾಡಿಕೊಂಡರು. ೨೦೦೪ರ ಆಗಸ್ಟ್ ತಿಂಗಳಲ್ಲಿ ಅಮೃತ್ ವಿಸ್ಕಿ ಮೊದಲು ಲೋಕದ ಮುಂದೆ ಬಂದದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ವಿದ್ವಾಂಸರ ಊರಿಗೇ ಹೋಗಿ ವಾದಕ್ಕೆ ಕರೆದಂತೆ! ೨೦೧೦ರ ತನ್ನ ವಾರ್ಷಿಕ ಗ್ರಂಥದಲ್ಲಿ ಇಂಗ್ಲಿಷ್ ವಿಮರ್ಶಕ ಜಿಮ್ ಮರ್ರೆ ಇವರ ‘ಫ್ಯೂಷನ್’ ಎಂಬ ವಿಸ್ಕಿಗೆ ನೂರಕ್ಕೆ ೯೭ ಅಂಕಗಳನ್ನು ಕೊಟ್ಟು, ಲೋಕದ ವಿಸ್ಕಿಗಳಲ್ಲಿ ಮೂರನೆಯ ಸ್ಥಾನದಲ್ಲಿರಿಸಿದ. ಅಂಕಗಳನ್ನು ಹಾಕುವುದೇ ಕಸುಬಾಗಿರುವ ನಮ್ಮಂಥವರಿಗೆ ಅಂಕಗಳ ಮೇಲೆ ಅಷ್ಟೇನೂ ಭಕ್ತಿಯಿರುವುದಿಲ್ಲ. ಆದರೂ ಕನ್ನಡನಾಡಿನ ಗಾಳಿಯಲ್ಲಿ ಮಾಗಿದ ಒಂದು ವಸ್ತು ಪರರ ನಾಲಗೆಯನ್ನು ಗೆದ್ದಿತೆಂಬುದು ಕಡೆಗಣಿಸುವ ಮಾತಲ್ಲ.

ಗಾಳಿಯಲ್ಲಿ ಮಾಗಿದ ಎಂದು ನಾನು ಅಲಂಕಾರಕ್ಕಾಗಿ ಹೇಳಲಿಲ್ಲ. ಪೀಪಾಯಿಯಲ್ಲಿಟ್ಟ ವಿಸ್ಕಿ ಮರದ ಸಂದುಗಳಿಂದ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುತ್ತದೆ. ಈ ನಷ್ಟವನ್ನು ಸ್ಕಾಟ್ಲೆಂಡಿನವರು ದೇವದೂತರ ಪಾಲು ಎನ್ನುತ್ತಾರೆ. ನಾವು ಬೇಕಾದರೆ ಗಂಧರ್ವರ ಪಾಲು ಎನ್ನಬಹುದು. ವೇದಗಳ ಕಾಲದಲ್ಲಿ ಸೋಮವನ್ನು ಕಾಯುತ್ತಿದ್ದವರು ಅವರೇ ಅಲ್ಲವೆ? ಸ್ಕಾಟ್ಲೆಂಡಿನ ಚಳಿಯಲ್ಲಿ ಆ ಪಾಲು ವರ್ಷಕ್ಕೆ ನೂರಕ್ಕೆ ಸುಮಾರು ಎರಡು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನ ಬಿಸಿಲಿನಲ್ಲಿ ಅದು ಹತ್ತರಿಂದ ಹನ್ನೆರಡು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕು ಗಂಧರ್ವರಿಗೆ ಸಂದಿರುತ್ತದೆ. ಉಳಿದದ್ದು ಮಾತ್ರ ಅಷ್ಟರಲ್ಲೇ ಪಕ್ವವಾಗಿರುತ್ತದೆ. ತಣ್ಣನೆಯ ನಾಡಿನಲ್ಲಿ ಹತ್ತು ಹನ್ನೆರಡು ವರ್ಷ ಬೇಡುವ ಮಾಗುವಿಕೆ ಇಲ್ಲಿ ನಾಲ್ಕೈದು ವರ್ಷಗಳಲ್ಲಿ ಕೈಗೂಡುತ್ತದೆ. ಬೇಗ ಮಾಗುವುದಕ್ಕೆ ಹೆಚ್ಚು ತೆರಬೇಕು. ಬಿಸಿಲುನಾಡಿನ ನ್ಯಾಯವೇ ಹಾಗೆ.

ಇನ್ನು ಮಾತಿನ ವಿಷಯ. ಗೋಷ್ಠಿ ನಡೆಸುತ್ತಿದ್ದ ತರುಣ ತಿಳಿದವನು. ಆದರೆ ಅವನ ಮಾತೆಲ್ಲ ಎರವಲು. ಮಾರ್ಮಲೇಡ್, ಹೆದರ್ ಹೂವು, ಕ್ರಿಸ್‌ಮಸ್ ಕೇಕು, ಸಮುದ್ರದ ಪಾಚಿ ಎಂದು ಅವನು ಪಟ್ಟಿ ಹೇಳುತ್ತಿದ್ದಂತೆ ಸುತ್ತ ಕುಳಿತವರು ತಲೆದೂಗುತ್ತಿದ್ದರು. ಹೆದರ್ ಹೂವನ್ನು ಮೂಸಿದವರು ಆ ಇಪ್ಪತ್ತು ಜನರಲ್ಲಿ ಎಷ್ಟು ಮಂದಿಯೋ! ನನ್ನ ಎಡಕ್ಕೆ ಕುಳಿತಿದ್ದ ವೃದ್ಧರೊಬ್ಬರು ಮೆಲ್ಲನೆ, “ಮೇಷ್ಟ್ರೇ, ನಿಮಗೇನು ಕಂಡಿತು?” ಎಂದು ಕೇಳಿದರು. ಮೊದಲ ಲೋಟದಲ್ಲಿ ನನಗೆ ಕಂಡದ್ದು ಕಾಯಿಹೋಳಿಗೆಯ ಹೂರಣ. ಹಾಗೆಯೇ ಹೇಳಿದೆ. ಅವರು ಮತ್ತೊಮ್ಮೆ ಮೂಸಿ, ಕಣ್ಣರಳಿಸಿ, “ಹೌದು ಸ್ವಾಮಿ, ಏಲಕ್ಕಿಯೊಂದು ಕಮ್ಮಿ!” ಎಂದರು.

ಇದು ಬರಿಯ ಚಮತ್ಕಾರವಲ್ಲ. ಓಕ್ ಮರದಿಂದ ವಿಸ್ಕಿಗೆ ಇಳಿಯುವ ಪದಾರ್ಥಗಳಲ್ಲಿ ಒಂದಕ್ಕೆ ತೆಂಗಿನಕಾಯಿಯ ವಾಸನೆ, ಇನ್ನೊಂದಕ್ಕೆ ವೆನಿಲ್ಲಾದ ಕಂಪು. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಾಗ ಮರದಲ್ಲಿರುವ ಸಕ್ಕರೆ ಕಂದಿ, ಪಾಕದ ವಾಸನೆ ಕೊಡುತ್ತದೆ. ಕೃಷ್ಣರಾಜನಗರದ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನಿಗೆ ಆ ಪಾಕದ ವಾಸನೆಯ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರ ಕೈಯಿಂದ ಜೇನು ಕೊಂಡವರಿಗೆ ಹೆಜ್ಜೇನು ಬೇರೆ, ತುಡುವೆ ಬೇರೆ, ನೇರಳೆ ಹೂ ಬಿಟ್ಟ ಕಾಲದ ನಸುಗಹಿ ಬೇರೆ. ಇಷ್ಟನ್ನು ಬಲ್ಲ ನಾಲಗೆ ‘ಜೇನಿನ ಹಾಗೆ’ ಎಂಬ ಒಂದು ಮಾತಿಗೆ ತೃಪ್ತವಾಗಬೇಕೆ? ಯಾವ ಜೇನು ಎಂದು ಕೇಳುವುದರಲ್ಲಿಯೇ ರಸಿಕತೆಯಿದೆ.

ಮೂರನೆಯ ಲೋಟ ಹೊಗೆಯ ವಿಸ್ಕಿ. ಸ್ಕಾಟ್ಲೆಂಡಿನ ಕೆಲವೆಡೆ ಮೊಳೆತ ಜವೆಯನ್ನು ಪೀಟ್ ಎಂಬ ಜೌಗುನೆಲದ ಹೆಂಟೆಯನ್ನು ಉರಿಸಿ, ಅದರ ಹೊಗೆಯಲ್ಲಿ ಒಣಗಿಸುವರು. ಆ ಹೊಗೆ ಕಾಳಿಗೆ ಅಂಟಿ, ಎರಡು ಸಲ ಬಟ್ಟಿಯಿಳಿಸಿದರೂ ಬಿಡದೆ, ವರ್ಷಗಳ ನಂತರ ಲೋಟದಲ್ಲಿ ಮೇಲೇಳುತ್ತದೆ. ಅಮೃತ್ ಫ್ಯೂಷನ್ನಿನಲ್ಲಿ ಭಾರತದ ಜವೆಯ ಜೊತೆಗೆ ಇಂತಹ ಸ್ಕಾಟ್ಲೆಂಡಿನ ಜವೆಯೂ ಸೇರಿದೆ. ಇದನ್ನು ಆಸ್ಪತ್ರೆಯ ವಾಸನೆ ಎಂದು ಮೂಗು ಮುರಿಯುವವರುಂಟು. ನನಗೆ ಅದು ಸೌದೆಯೊಲೆಯ ಮೇಲೆ ಕಾದ ಬಚ್ಚಲಹಂಡೆಯ ನೀರಿನ ವಾಸನೆ. ಹುಣಸೂರು, ಪಿರಿಯಾಪಟ್ಟಣಗಳವರಿಗೆ ಹೊಗೆಯ ವಿಷಯದಲ್ಲಿ ಇನ್ನೂ ಒಂದು ಹೆಚ್ಚಿನ ಪಾಂಡಿತ್ಯವುಂಟು. ನಮ್ಮ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಒಲೆಯ ಉರಿ ಕೊಳವೆಗಳೊಳಗೆ ಹಾದು ಹೋಗುತ್ತದೆ. ಎಲೆಗೆ ತಗಲುವುದು ಬಿಸಿ ಮಾತ್ರ, ಹೊಗೆಯಲ್ಲ. ಕೊಳವೆ ಬಿರುಕುಬಿಟ್ಟು ಹೊಗೆ ಸೋಕಿತೋ, ಎಲೆ ಕೆಟ್ಟಿತು. ಜವೆಗೆ ಗುಣವಾದ ಹೊಗೆಯೇ ವರ್ಜೀನಿಯಾ ಎಲೆಗೆ ದೋಷ. ಬ್ಯಾರನ್ನಿನ ಬಾಗಿಲು ತೆರೆದೊಡನೆ ಮೂಗಿನಿಂದಲೇ ಎಲೆಯ ಹದ ಹೇಳುವ ರೈತನನ್ನು ಈ ಗೋಷ್ಠಿಗೆ ಕರೆತಂದಿದ್ದರೆ, ಅವನು ಹೆದರ್ ಹೂವಿನ ಹಂಗಿಲ್ಲದೆ ನಾಲ್ಕು ಲೋಟಗಳನ್ನೂ ಬೇರೆಬೇರೆ ಮಾಡಿ ಇಡುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಹೊಗೆಯ ಲೋಟಕ್ಕೆ ಕೆಲವು ತೊಟ್ಟು ನೀರು ಹಾಕಿಸಿದರು. ಕಂಪು ತಗ್ಗುವುದರ ಬದಲು ಹೆಚ್ಚಿತು! ಇದರ ಕಾರಣವನ್ನು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ೨೦೧೭ರಲ್ಲಿ ಗಣಕಯಂತ್ರದ ಲೆಕ್ಕಾಚಾರದಿಂದ ತೋರಿಸಿದರು. ಹೊಗೆಯ ಕಂಪಿಗೆ ಕಾರಣವಾದ ಗ್ವಾಯಕಾಲ್ ಎಂಬ ಅಣುವನ್ನು, ಮದ್ಯಸಾರ ಅತಿಯಾಗಿದ್ದಾಗ, ಅದು ಸುತ್ತುಗಟ್ಟಿ ಒಳಗೇ ಹಿಡಿದಿಡುತ್ತದೆ; ನೀರು ಸೇರಿದಾಗ ಆ ಅಣು ಮೇಲ್ಮೈಗೆ ಬಂದು ಮೂಗಿಗೆ ಸಿಕ್ಕುತ್ತದೆ. ತೀಕ್ಷ್ಣತೆ ತಗ್ಗಿದಲ್ಲಿಯೇ ಸೂಕ್ಷ್ಮತೆ ತೋರುತ್ತದೆಂಬ ಈ ನಿಯಮವನ್ನು ನಮ್ಮ ಭಾಷಣಕಾರರೂ ಅರಿತಿದ್ದರೆ ಲೋಕಕ್ಕೆ ಎಷ್ಟು ಉಪಕಾರವಾಗುತ್ತಿತ್ತು!

ರುಚಿಗೆ ಮಾತು ಕೊಡುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ, ಚಂಗಾಳ್ವರ ನಾಡಿನ ಕಲ್ಲಹಳ್ಳಿಯನ್ನು ಆಳುತ್ತಿದ್ದ ಮೂರನೆಯ ಮಂಗರಸ ಜಿನಕಥೆಗಳನ್ನು ಬರೆದ ಕೈಯಿಂದಲೇ ‘ಸೂಪಶಾಸ್ತ್ರ’ವನ್ನೂ ಬರೆದ. ಅಡುಗೆಯನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಿದ ಗ್ರಂಥ ಅದು. ಪಾನಕಗಳಿಗೂ ಅದರಲ್ಲಿ ಎಡೆಯುಂಟು. ಜೈನಕವಿಯ ಅಡುಗೆಮನೆಗೆ ಮದ್ಯದ ಪ್ರವೇಶವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನಾಲಗೆಯ ಅನುಭವ ಛಂದಸ್ಸಿಗೆ ಯೋಗ್ಯವಾದುದೆಂದು ಅರಸನೊಬ್ಬ ತಿಳಿದಿದ್ದನೆಂಬುದು ಮುಖ್ಯ. ಒಗರು, ಚೊಗರು, ಕನರು, ಕಮಟು, ಘಾಟು, ಮುಗ್ಗಲು, ಸೀದ ವಾಸನೆ, ನರುಗಂಪು, ಇವುಗಳಲ್ಲಿ ಒಂದೊಂದೂ ಒಂದೊಂದು ಅನುಭವದ ಸೀಮಾರೇಖೆ. ಈ ಮಾತುಗಳನ್ನು ಮರೆತವನಿಗೆ ಆ ಅನುಭವಗಳೂ ಕಲಸಿಹೋಗುತ್ತವೆ. ಇಂದು ನನ್ನ ತರಗತಿಯಲ್ಲಿ ‘ಕನರು’ ಎಂದರೇನೆಂದು ಕೇಳಿದರೆ ಮೂರು ನಾಲ್ಕು ಕೈಗಳು ಮಾತ್ರ ಮೇಲೇಳುತ್ತವೆ. ಅವು ಬಹುಮಟ್ಟಿಗೆ ಹಾಡಿಗಳಿಂದ, ಹೊಲಗಳಿಂದ ಬಂದ ಹುಡುಗರ ಕೈಗಳು.

ಈಗ ಆ ಗಂಟಿಕ್ಕಿದ ಹುಬ್ಬಿನ ಮಾತಿಗೆ ಬರುತ್ತೇನೆ. ಅದೇ ಹಾಡಿಗಳಲ್ಲಿ, ಅದೇ ಹೊಲಗಳ ಮನೆಗಳಲ್ಲಿ ಕುಡಿತ ಏನು ಮಾಡಿದೆಯೆಂಬುದನ್ನು ನಮ್ಮ ಕಡೆಯ ಉಪಾಧ್ಯಾಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪರೀಕ್ಷೆಯ ಶುಲ್ಕ ಕಟ್ಟಲಾಗದೆ ನಿಂತ ಹುಡುಗಿಯ ಮುಖದಲ್ಲಿ ತಂದೆಯ ಸಂಜೆಯ ಖರ್ಚನ್ನು ಓದಿದ್ದೇವೆ. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಸಾರಾಯಿಯ ಜಾಗಕ್ಕೆ ಅಗ್ಗದ ಸೀಸೆಗಳು ಬಂದವು. ಮದ್ಯಪಾನಕ್ಕೆ ಆರೋಗ್ಯದ ದೃಷ್ಟಿಯಿಂದ ನಿರಪಾಯವಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೇಳಿದೆ. ಎರಡು ಚಮಚೆಯ ಲೋಟಕ್ಕೂ ಆ ಮಾತಿನಿಂದ ವಿನಾಯಿತಿಯಿಲ್ಲ. ಬೆಲೆಬಾಳುವ ವಿಸ್ಕಿಯನ್ನು ಮೂಸಿ ಹೊಗಳುವವನು ರಸಿಕ, ಅಗ್ಗದ ಸೀಸೆಯನ್ನು ಗಂಟಲಿಗೆ ಸುರಿಯುವವನು ಕುಡುಕ ಎಂದು ತೀರ್ಪು ಕೊಡುವುದು ಸುಲಭ. ಆದರೆ ಮೊದಲನೆಯವನಿಗೆ ಬಿಡುವಿದೆ, ನಾಳೆಯ ಅನ್ನದ ಭರವಸೆಯಿದೆ. ಎರಡನೆಯವನು ಸವಿಯಲೆಂದು ಕುಡಿಯುವುದಿಲ್ಲ, ಮರೆಯಲೆಂದು ಕುಡಿಯುತ್ತಾನೆ. ಒಬ್ಬನದು ನೆನಪಿನ ಕೆಲಸ, ಮತ್ತೊಬ್ಬನದು ಮರೆವಿನ ಕೆಲಸ. ಹೊಗೆಸೊಪ್ಪಿನ ಹಣದಿಂದ ಮಕ್ಕಳು ಕಾಲೇಜು ಕಲಿಯುವ ಸೀಮೆಯಲ್ಲಿ ನಿಂತು ನಾವು ನಮ್ಮ ಕೈ ಶುದ್ಧವೆಂದು ಹೇಳಿಕೊಳ್ಳುವುದೂ ಅಷ್ಟು ಸುಲಭವಲ್ಲ.

ಆದುದರಿಂದ ಯಾರನ್ನೂ ಈ ಲೋಟದ ಕಡೆಗೆ ಕರೆಯುವುದು ನನ್ನ ಉದ್ದೇಶವಲ್ಲ. ನಾನು ಕರೆಯುವುದು ಗೋಷ್ಠಿಯ ಶಿಸ್ತಿನ ಕಡೆಗೆ. ನಿಧಾನವಾಗಿ ಮೂಸುವುದು, ಸ್ವಲ್ಪದಲ್ಲಿ ನಿಲ್ಲಿಸುವುದು, ಕಂಡಷ್ಟನ್ನೇ ಹೇಳುವುದು, ಹೇಳುವುದನ್ನು ತನ್ನ ನೆಲದ ಮಾತಿನಲ್ಲಿ ಹೇಳುವುದು: ಇದಕ್ಕೆ ವಿಸ್ಕಿಯೇ ಬೇಕೆಂಬ ನಿರ್ಬಂಧವಿಲ್ಲ. ಜೇನಾದೀತು, ಹೊಸಬೆಲ್ಲವಾದೀತು, ಮೊದಲ ಮಳೆಗೆ ನೆನೆದ ಮಣ್ಣಾದೀತು. ಮುಂದಿನ ವಾರ ತರಗತಿಗೆ ಎರಡು ಬಗೆಯ ಜೇನನ್ನೂ ಒಂದಷ್ಟು ಚಮಚಗಳನ್ನೂ ಒಯ್ಯಬೇಕೆಂದಿದ್ದೇನೆ. ‘ಕನರು’ ಬಲ್ಲ ಆ ಹುಡುಗರು ಅಂದು ಉಪಾಧ್ಯಾಯರಾಗಲಿ. ಮಿಕ್ಕವರೊಡನೆ ನಾನೂ ಕೇಳುತ್ತ ಕುಳಿತಿರುತ್ತೇನೆ.