ನಿಯಮವೂ ನಡೆದ ಕಾರ್ಯವೂ

1986ರ ಮಳೆಗಾಲದ ಮಾತು. ನಾನು ಆಗತಾನೆ ಅಧ್ಯಾಪಕನಾಗಿ ಸೇರಿದ್ದೆ; ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಊರಿನಲ್ಲಿ ವಿಷಮಶೀತ ಜ್ವರ ಹರಡಿದ್ದಿತು. ಕುಡಿಯುವ ನೀರನ್ನು ದಿನವೂ ಕುದಿಸಿ ಆರಿಸಬೇಕೆಂದು ಕಟ್ಟಳೆ ಮಾಡಿ, ಹಂಡೆಯ ಬಳಿಯ ಗೋಡೆಗೆ ಇಂಗ್ಲಿಷಿನಲ್ಲಿ ಒಂದು ಫಲಕವನ್ನು ತೂಗುಹಾಕಿಸಿದೆ: ‘ದಿ ವಾಟರ್ ಈಸ್ ಬಾಯ್ಲ್ಡ್ ಎವೆರಿ ಮಾರ್ನಿಂಗ್.’ ಒಂದು ದಿನ ತಪಾಸಣೆಗೆಂದು ಬಂದ ವೈದ್ಯರು ಅದನ್ನು ಓದಿ, “ಮೇಷ್ಟ್ರೇ, ಇದು ನಿಮ್ಮ ನಿಯಮವಾಯಿತು. ಈ ಹಂಡೆಯಲ್ಲಿರುವ ನೀರನ್ನು ಕುದಿಸಿದ್ದಾರೆಯೇ?” ಎಂದು ಕೇಳಿದರು. ಅಡಿಗೆಯವರನ್ನು ಕರೆದು ವಿಚಾರಿಸಿದೆ. ಸೌದೆ ನೆನೆದಿದ್ದರಿಂದ ಅಂದು ನೀರೊಲೆ ಹೊತ್ತಿರಲೇ ಇಲ್ಲ! ಫಲಕದ ವ್ಯಾಕರಣದಲ್ಲಿ ದೋಷವಿರಲಿಲ್ಲ; ಆದರೆ ನೀರು ಕುಡಿಯುವವನು ತಿಳಿಯಬೇಕಾದ ಸಂಗತಿಯೇ ಅದರಲ್ಲಿ ಇರಲಿಲ್ಲ.

ಕೆಲಸ ಮಾಡಿದವರು ಯಾರೆಂಬುದಕ್ಕಿಂತ ಆದ ಕೆಲಸವೇ ಮುಖ್ಯವಾದಾಗ ಕರ್ಮಣಿ ಪ್ರಯೋಗವನ್ನು ಬಳಸುತ್ತೇವೆ. ಇಂಗ್ಲಿಷಿನ ವರ್ತಮಾನಕಾಲದಲ್ಲಿ ಇದಕ್ಕೆ ಎರಡು ಮುಖ್ಯ ರೂಪಗಳುಂಟು. ‘ಈಸ್’ ಅಥವಾ ‘ಆರ್’ ಎಂಬುದರ ಮುಂದೆ ಭೂತಕೃದಂತ ಬಂದರೆ ಅದು ಸಾಮಾನ್ಯ ವರ್ತಮಾನ. ‘ಹ್ಯಾಸ್ ಬೀನ್’ ಅಥವಾ ‘ಹ್ಯಾವ್ ಬೀನ್’ ಎಂಬುದರ ಮುಂದೆ ಬಂದರೆ ಅದು ಪೂರ್ಣ ವರ್ತಮಾನ.

ಸಾಮಾನ್ಯ ವರ್ತಮಾನವು ರೂಢಿಯನ್ನೂ ನಿಯಮವನ್ನೂ ಹೇಳುತ್ತದೆ. ‘ರೈಸ್ ಈಸ್ ಗ್ರೋನ್ ಇನ್ ಮಂಡ್ಯ’ ಎಂದರೆ ಮಂಡ್ಯದಲ್ಲಿ ಭತ್ತವನ್ನು ಬೆಳೆಯಲಾಗುತ್ತದೆ ಎಂದರ್ಥ. ಪೂರ್ಣ ವರ್ತಮಾನವಾದರೋ ಕಾರ್ಯ ಮುಗಿದಿದೆ, ಅದರ ಫಲ ಈಗ ನಮ್ಮೆದುರಿಗಿದೆ ಎಂದು ಸಾರುತ್ತದೆ. ‘ದಿ ರೋಡ್ ಹ್ಯಾಸ್ ಬೀನ್ ರಿಪೇರ್ಡ್’ ಎಂದರೆ ರಸ್ತೆಯನ್ನು ದುರಸ್ತಿ ಮಾಡಲಾಗಿದೆ. ಇನ್ನು ಗಾಡಿ ಹೂಡಬಹುದು.

ಹಾಗಾದರೆ ‘ಲಾಗುತ್ತದೆ’ ಎಂಬಲ್ಲಿ ‘ಈಸ್’, ‘ಲಾಗಿದೆ’ ಎಂಬಲ್ಲಿ ‘ಹ್ಯಾಸ್ ಬೀನ್’ ಎಂದು ಬರೆದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಬಹುಮಟ್ಟಿಗೆ ಸಾಕು. ಆದರೆ ಎರಡು ಕಡೆ ಎಚ್ಚರ ಬೇಕು.

ಮೊದಲನೆಯದು ಸ್ಥಿತಿಯ ಮಾತು. ‘ಬಾಗಿಲು ಮುಚ್ಚಿದೆ’ ಎಂದು ಇರುವ ಸ್ಥಿತಿಯನ್ನಷ್ಟೇ ಹೇಳುವಾಗ ‘ದಿ ಡೋರ್ ಈಸ್ ಕ್ಲೋಸ್ಡ್’ ಎಂದರೆ ಸರಿ. ತೆರೆದಿದ್ದ ಬಾಗಿಲನ್ನು ಯಾರೋ ಮುಚ್ಚಿದ್ದಾರೆ ಎಂಬ ಕಾರ್ಯದ ಕಡೆಗೆ ಗಮನ ಸೆಳೆಯಬೇಕಾದರೆ ‘ಹ್ಯಾಸ್ ಬೀನ್ ಕ್ಲೋಸ್ಡ್’ ಎನ್ನಬೇಕು.

ಎರಡನೆಯದು ಕಾಲದ ಮಾತು. ಕನ್ನಡದಲ್ಲಿ ‘ಪತ್ರವನ್ನು ನಿನ್ನೆ ಕಳುಹಿಸಲಾಗಿದೆ’ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಹ್ಯಾಸ್ ಬೀನ್’ ಎಂಬುದರ ಜೊತೆಗೆ ‘ಯೆಸ್ಟರ್‌ಡೇ’ ಹೊಂದುವುದಿಲ್ಲ. ಕಳೆದುಹೋದ ಕಾಲವನ್ನು ಗುರುತಿಸಿ ಹೇಳಿದೊಡನೆ ‘ವಾಸ್’ ಅಥವಾ ‘ವರ್’ ಬರಬೇಕು. ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂದು ಹೆಸರಿಡಲಾಯಿತು. ಇದನ್ನು ಹೇಳುವಾಗ ‘ವಾಸ್ ರೀನೇಮ್ಡ್ ಇನ್ 1973’ ಎಂದೇ ಬರೆಯಬೇಕು. ‘ಟುಡೇ’ ಎಂಬ ಮಾತಿಗೆ ಈ ಅಡ್ಡಿಯಿಲ್ಲ. ಏಕೆಂದರೆ ಇಂದಿನ ದಿನ ಇನ್ನೂ ಮುಗಿದಿಲ್ಲ.

ವೈದ್ಯರು ಹೋದ ಮೇಲೆ ನಾನು ಹಳೆಯ ಫಲಕವನ್ನು ತೆಗೆಸಲಿಲ್ಲ, ನಿಯಮವೂ ಬೇಕಷ್ಟೆ. ಅದರ ಕೆಳಗೆ ಇನ್ನೊಂದು ಚಿಕ್ಕ ಹಲಗೆಗೆ ಮೊಳೆ ಹೊಡೆಸಿದೆ. ಅದರಲ್ಲಿ ‘ದಿಸ್ ವಾಟರ್ ಹ್ಯಾಸ್ ಬೀನ್ ಬಾಯ್ಲ್ಡ್ ಟುಡೇ’ ಎಂದು ಬರೆದಿತ್ತು. ಅಡಿಗೆಯವರು ನೀರು ಕುದಿದ ಮೇಲಷ್ಟೇ ಅದನ್ನು ತೂಗುಹಾಕುವರು, ರಾತ್ರಿ ತೆಗೆದಿಡುವರು. ಹಲಗೆ ಕಾಣದ ದಿನ ಹುಡುಗರು ಲೋಟವನ್ನು ಕೆಳಗಿಟ್ಟು, ಅಡಿಗೆಮನೆಯ ಕಡೆಗೆ ನಡೆಯುತ್ತಿದ್ದರು.