ಓಡುವ ಕಟ್ಟಿಗೆಗೆ ಬಣ್ಣ

ಕಾರಹುಣ್ಣಿಮೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತರ ಮನೆಗಳಲ್ಲಿ ಎತ್ತಿನ ಸಿಂಗಾರವೇ ದೊಡ್ಡ ಕೆಲಸ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ ಕಟ್ಟಿ ಅಗಸಿಯ ಮುಂದೆ ಓಡಿಸುತ್ತಾರೆ. ಓಟದಲ್ಲಿ ಗೆದ್ದು ಕರಿ ಹರಿದ ಎತ್ತು ಬಿಳಿಯದಾದರೆ ಹಿಂಗಾರಿ ಚೆನ್ನ, ಕೆಂದೆತ್ತಾದರೆ ಮುಂಗಾರಿ ಚೆನ್ನ ಎಂದು ಹೇಳುವ ಊರುಗಳಿವೆ. ಓಟಕ್ಕೂ ಬಣ್ಣಕ್ಕೂ ಇಲ್ಲಿ ಹಳೆಯ ನಂಟು. ಹಾಗಾಗಿ ಓಟಕ್ಕೆ ಬಿಡುವ ಕಟ್ಟಿಗೆ ಕಾರನ್ನು ಸಿಂಗರಿಸುವ ವಿದ್ಯೆ ದೂರದೇಶದ್ದೆಂದು ಯಾರೂ ಅಳುಕಬೇಕಿಲ್ಲ. ಅದಕ್ಕೆ ಬೇಕಾದ ಕೈಚಳಕ ಒಂದೊಂದೂ ನಮ್ಮ ಕರ್ನಾಟಕದಲ್ಲೇ ಇದೆ.

ಈ ಪುಟ್ಟ ಕಟ್ಟಿಗೆ ಕಾರುಗಳ ಓಟದ ಆಟ ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನ ಡಾನ್ ಮರ್ಫಿ ಅವರ ಮಗನಿಗೆ, ಮಕ್ಕಳೇ ಕೂತು ಓಡಿಸುವ ಸೋಪ್ ಬಾಕ್ಸ್ ಡರ್ಬಿಗೆ ಸೇರುವಷ್ಟು ವಯಸ್ಸಾಗಿರಲಿಲ್ಲ. ಅಂಥ ಚಿಕ್ಕವರಿಗಾಗಿ ಮರ್ಫಿ 1953ರಲ್ಲಿ ಕಬ್ ಸ್ಕೌಟ್ ಬಳಗದಲ್ಲಿ ಅಂಗೈಯಗಲದ ಕಾರುಗಳ ಓಟ ಏರ್ಪಡಿಸಿದರು. ಪೈನ್ ಮರದ ಒಂದು ತುಂಡು, ನಾಲ್ಕು ಗಾಲಿ, ಅಚ್ಚಿನ ಬದಲು ನಾಲ್ಕು ಮೊಳೆ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಇಳಿಜಾರಿನ ಹಲಗೆಯ ಮೇಲೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಉರುಳಬೇಕು. ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದೆಂಬುದು ಇವತ್ತಿಗೂ ಸಾಮಾನ್ಯ ನಿಯಮ.

ತನ್ನ ಭಾರಕ್ಕೇ ಓಡುವ ವಸ್ತುವಿಗೆ ಬಣ್ಣ ಹಚ್ಚುವಾಗ ಎರಡು ವಿಷಯ ಸದಾ ನೆನಪಿರಬೇಕು: ತೂಕ ಮತ್ತು ತಿಕ್ಕಾಟ. ಬಣ್ಣಕ್ಕೂ ತೂಕವಿದೆ. ಅದು ಗಾಲಿಯ ತೂತಿನೊಳಗೆ ಇಳಿದರೆ ಅಚ್ಚು ಬಿಗಿಯಾಗುತ್ತದೆ, ಗಾಲಿಯ ಒಂದು ಮಗ್ಗುಲಿಗೆ ದಪ್ಪ ಕೂತರೆ ಗಾಲಿ ಓಲಾಡುತ್ತದೆ.

ಗಾಲಿಯ ಈ ತೊಂದರೆಗೆ ಒಳ್ಳೆಯ ಉತ್ತರ ಚನ್ನಪಟ್ಟಣದ ಆಟಿಕೆ ಕುಶಲಕರ್ಮಿಗಳಲ್ಲಿದೆ. ಅವರು ಕುಂಚ ಹಿಡಿಯುವುದು ಅಪರೂಪ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಮೆತ್ತಗಾಗಿ ಕಟ್ಟಿಗೆಯ ಮೈಗೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯ ತುಂಡೊತ್ತಿ ಉಜ್ಜಿದರೆ ಅದೇ ಅರಗು ಎಲ್ಲ ಕಡೆ ಸಮನಾಗಿ ಹರಡಿ ಹೊಳಪು ಏಳುತ್ತದೆ. ಗಾಲಿ ಯಾವ ನಡುಗೆರೆಯ ಸುತ್ತ ತಿರುಗಿ ಬಣ್ಣ ಪಡೆಯಿತೋ ಓಟದಲ್ಲೂ ಅದೇ ನಡುಗೆರೆಯ ಸುತ್ತ ತಿರುಗುವುದರಿಂದ ಬಣ್ಣದ ತೂಕ ಸುತ್ತಲೂ ಒಂದೇ ಸಮ ಹಂಚಿಕೆಯಾಗಿರುತ್ತದೆ. ಇದಕ್ಕಿಂತ ಜಾಣತನದ ಗಾಲಿಬಣ್ಣ ನನಗೆ ಕಂಡಿಲ್ಲ. ಲೇತ್ ಇಲ್ಲದವರು ಗಾಲಿಯನ್ನು ಮೊಳೆಗೆ ಸಿಕ್ಕಿಸಿ, ಒಂದು ಕೈಯಿಂದ ತಿರುಗಿಸುತ್ತ ಕುಂಚವನ್ನು ಅಲುಗಾಡಿಸದೆ ತಾಗಿಸಿದರೂ ಅಚ್ಚುಕಟ್ಟಾದ ಉಂಗುರಗಳು ಮೂಡುತ್ತವೆ. ಉಂಗುರದ ಗೆರೆಗಳು ಗಾಲಿ ಎಷ್ಟು ಜೋರಾಗಿ ತಿರುಗಿದರೂ ನಿಂತಂತೆಯೇ ಕಾಣುತ್ತವೆ. ತಿರುಗುವುದು ಕಣ್ಣಿಗೆ ಬೀಳಬೇಕೆಂದರೆ ಅಂಚಿನಲ್ಲಿ ತೆಳುವಾಗಿ ಒಂದು ಬಿಳಿ ಚುಕ್ಕೆ ಇಟ್ಟರೆ ಸಾಕು.

ಕಾರಿನ ಮೈ ಗುಂಡಗಿರುವುದಿಲ್ಲ, ಅಲ್ಲಿ ಲೇತಿನ ಆಟ ನಡೆಯದು. ಅದಕ್ಕೆ ನಾವು ಕೊಪ್ಪಳ ಜಿಲ್ಲೆಯ ಕಿನ್ನಾಳದತ್ತ ನೋಡಬೇಕು. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆ, ದೇವರ ಮೂರ್ತಿ, ಹಣ್ಣು, ಪ್ರಾಣಿಗಳನ್ನು ಮಾಡುತ್ತ ಬಂದವರು. ಹಂಪಿ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳು ತಮ್ಮ ಹಿರಿಯರ ಕೈಯವೇ ಎಂಬ ನಂಬಿಕೆ ಅವರದು. ಅವರ ಗೊಂಬೆಯ ಚೆಲುವು ಮೇಲಿನ ಬಣ್ಣದಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ಅಡಿಯಲ್ಲಿದೆ. ಹುಣಸೆಬೀಜವನ್ನು ನೆನೆಸಿ, ಅರೆದು, ಕುದಿಸಿ ಅಂಟು ಮಾಡುತ್ತಾರೆ. ಅದಕ್ಕೆ ಕಟ್ಟಿಗೆ ಹೊಟ್ಟು, ಗೋಣಿನಾರಿನ ಪುಡಿ ಬೆರೆಸಿ ಸಂದುಗೊಂದುಗಳನ್ನು ತುಂಬುತ್ತಾರೆ. ಅದರ ಮೇಲೆ ಬಿಳಿಯ ಲೇಪ. ಅದು ಒಣಗಿ ನುಣುಪಾದ ಮೇಲೆಯೇ ಕೆಂಪು, ಹಳದಿ, ಹಸಿರು.

ಈ ಬಿಳಿ ಲೇಪ ಏಕೆ ಬೇಕು? ಕಟ್ಟಿಗೆಯ ತುಂಡನ್ನು ಕೈಯಲ್ಲಿ ಹಿಡಿದು ಎರಡೂ ತುದಿ ನೋಡಿ. ಉದ್ದಕ್ಕೆ ಎಳೆಗಳು ಮಲಗಿದ್ದರೆ ತುದಿಯಲ್ಲಿ ಅವೇ ಎಳೆಗಳು ಬಾಯಿ ತೆರೆದು ನಿಂತಿರುತ್ತವೆ. ನೇರವಾಗಿ ಬಣ್ಣ ಬಳಿದರೆ ತುದಿ ಹೆಚ್ಚು ಕುಡಿದು ಕಪ್ಪಿಡುತ್ತದೆ, ಮಗ್ಗುಲು ಕಡಿಮೆ ಕುಡಿದು ತೆಳ್ಳಗೆ ಕಾಣುತ್ತದೆ. ನೀರು ತಾಗಿ ಸಣ್ಣ ಎಳೆಗಳು ಮೇಲೆದ್ದು ಮೈ ಒರಟಾಗುತ್ತದೆ. ಅಡಿಲೇಪ ಆ ಬಾಯಿಗಳನ್ನು ಮುಚ್ಚುತ್ತದೆ. ಬಿಳಿಯ ಮೇಲೆ ಬಿದ್ದ ಬೆಳಕು ಬಣ್ಣದ ಪದರ ದಾಟಿ ಮರಳಿ ಬರುವುದರಿಂದ ಕೆಂಪು ಇನ್ನಷ್ಟು ಕೆಂಪಾಗುತ್ತದೆ, ಒಂದೇ ತೆಳು ಕೋಟು ಸಾಕಾಗುತ್ತದೆ. ತೂಕವೂ ಉಳಿಯುತ್ತದೆ. ಪೇಟೆಯ ಪ್ರೈಮರ್ ಮಾಡುವುದೂ ಇದನ್ನೇ. ಮೊದಲು 120ರ ಪಾಲಿಶ್ ಪೇಪರ್, ಆಮೇಲೆ 220, ಅಡಿಲೇಪ ಒಣಗಿದ ಮೇಲೆ 400. ಯಾವಾಗಲೂ ಎಳೆಯ ಗುಂಟ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಎಷ್ಟು ಕೋಟು ಹಚ್ಚಿದರೂ ಮತ್ತೆ ಎದ್ದು ಕಾಣುತ್ತದೆ.

ಮಕ್ಕಳ ಕೈಗೆ ಹೋಗುವ ವಸ್ತುವಾದ್ದರಿಂದ ಬಣ್ಣದ ಡಬ್ಬಿಯ ಚೀಟಿ ಓದಿ ಕೊಳ್ಳಿ. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಡಬ್ಬಿಯನ್ನು ಈ ಕೆಲಸಕ್ಕೆ ತೆರೆಯಬೇಡಿ.

ಇನ್ನು ಚಿತ್ತಾರ. ಸುರಪುರದವರಿಗೆ ಇಲ್ಲಿ ಕೈ ತಡೆಯುವುದಿಲ್ಲ, ಏಕೆಂದರೆ ಸುರಪುರದ ನಾಯಕ ಅರಸರ ಆಸರೆಯಲ್ಲಿ ಬೆಳೆದ ಕಿರುಚಿತ್ರ ಶೈಲಿಯೇ ಅವರ ಮನೆಯ ಸೊತ್ತು. ಗರುಡಾದ್ರಿ ಮನೆತನದ ಚಿತ್ರಕಾರರು ಅದರಲ್ಲಿ ಹೆಸರಾದವರು. ಕೂದಲೆಳೆಯ ಗೆರೆ, ಚಿನ್ನದ ಕೆಲಸ, ಒಡವೆಯ ಒಂದೊಂದು ಮುತ್ತೂ ಎಣಿಸುವಂತೆ ಬಿಡಿಸಿದ ದೇವದೇವಿಯರು. ಆದರೆ ಈ ಕುಸುರಿಯನ್ನು ಕಾರಿನ ಮೈತುಂಬ ತುಂಬಿದರೆ ಅದು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಇಳಿಜಾರಿನ ಓಟ ಕೆಲವೇ ಸೆಕೆಂಡಿನದು. ಆ ಹೊತ್ತಿಗೆ ಕಣ್ಣಿಗೆ ನಿಲುಕುವುದು ದೊಡ್ಡ ಬಣ್ಣ, ದಪ್ಪ ಅಂಚು, ಮಗ್ಗುಲಲ್ಲಿ ಬರೆದ ಅಂಕಿ ಮಾತ್ರ. ಕಿನ್ನಾಳದ ಸಪಾಟು ಬಣ್ಣ, ಅದರ ಸುತ್ತ ಗಟ್ಟಿ ಗೆರೆ ಓಟಕ್ಕೆ ಹೊಂದುತ್ತದೆ. ಸುರಪುರದ ಸಣ್ಣ ಗೆರೆಗೆ ಕಾರಿನ ನೆತ್ತಿಯಲ್ಲಿ ಜಾಗ ಬಿಡಿ, ಓಟ ಮುಗಿದ ಮೇಲೆ ಕೈಗೆತ್ತಿ ನೋಡುವವರು ಅಲ್ಲೇ ಮೊದಲು ನೋಡುವುದು. ಒಂದು ಹೂಬಳ್ಳಿ, ಅದರ ಸುತ್ತ ಚಿನ್ನದ ಬಣ್ಣದ ಒಂದೇ ಎಳೆ, ಅಷ್ಟೇ ಇರಲಿ.

ಇನ್ನು ಅಚ್ಚಿನ ತಿಕ್ಕಾಟದ ಮಾತು. ಸುರಪುರ ತಾಲ್ಲೂಕಿನ ತಿಂಥಣಿಯ ಸಂತ ಮೌನೇಶ್ವರರಿಗೆ ನಡೆದುಕೊಳ್ಳುವ ವಿಶ್ವಕರ್ಮ ಮನೆತನಗಳಲ್ಲಿ ಬಡಿಗೇರರು ಬಹಳ. ಅವರು ಕಟ್ಟಿದ ಎತ್ತಿನ ಬಂಡಿಯ ಅಚ್ಚಿಗೆ ಹಿಂದೆ ಹಾಕುತ್ತಿದ್ದದ್ದು ಕೀಲೆಣ್ಣೆ, ಅಂದರೆ ಹರಳೆಣ್ಣೆಯಲ್ಲಿ ಕಲಸಿದ ಸುಟ್ಟ ಹುಲ್ಲಿನ ಕರಿ. ಆಟದ ಕಾರಿಗೆ ಎಣ್ಣೆ ಆಗಿಬರದು, ದೂಳು ಹಿಡಿಯುತ್ತದೆ, ಬಣ್ಣವನ್ನೂ ಕೆಡಿಸುತ್ತದೆ. ಅಚ್ಚಿಗೆ ಪೆನ್ಸಿಲ್ ಸೀಸದ ನುಣ್ಣನೆ ಪುಡಿ ಹಾಕಿ. ಹೆಸರು ಸೀಸವಾದರೂ ಅದು ಗ್ರಾಫೈಟ್, ಇಂಗಾಲದ್ದೇ ರೂಪ. ಬಣ್ಣ ಬಳಿಯುವ ಮುಂಚೆ ಅಚ್ಚಿನ ತೂತಿಗೆ ಬೆಂಕಿಕಡ್ಡಿಯ ತುಂಡು ತುರುಕಿಟ್ಟರೆ ಒಳಗೆ ಬಣ್ಣ ಇಳಿಯುವುದಿಲ್ಲ.

ನಮ್ಮ ಬಿಸಿಲಿನ ಬಗ್ಗೆಯೂ ಎಚ್ಚರ ಇರಲಿ. ಯಾದಗಿರಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಬಳಿದ ಬಣ್ಣದ ಮೇಲ್ಪದರ ಬೇಗ ಬಿಗಿದು ಒಳಗೆ ಹಸಿ ಉಳಿಯುತ್ತದೆ, ಗುಳ್ಳೆ ಏಳುತ್ತವೆ. ಮುಂಜಾನೆ ನೆರಳಲ್ಲಿ ಬಳಿದು ನೆರಳಲ್ಲೇ ಒಣಗಿಸಿ. ಮುಟ್ಟಿದರೆ ಅಂಟದ ಬಣ್ಣ ಒಳಗೂ ಗಟ್ಟಿಯಾಗಿರಬೇಕೆಂದಿಲ್ಲ. ಎರಡು ಮೂರು ದಿನ ಬಿಟ್ಟು ಗಾಲಿ ಜೋಡಿಸಿದರೆ ಉಗುರಿನ ಗುರುತು ಬೀಳದು.

ತೂಕ ನೋಡುವುದು ಎಲ್ಲಕ್ಕೂ ಕೊನೆಗೆ. ಬಣ್ಣ, ವಾರ್ನಿಷ್ ಎಲ್ಲ ಒಣಗಿ ಗಾಲಿ ಜೋಡಿಸಿದ ಕಾರನ್ನು ಪತ್ತಾರರ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ. 142 ಗ್ರಾಮಿಗೆ ಎಷ್ಟು ಕಡಿಮೆಯಿದೆಯೋ ಅಷ್ಟು ಕಬ್ಬಿಣದ ವಾಷರ್‌ಗಳನ್ನು ಹಿಂದಿನ ಗಾಲಿಗಳ ತುಸು ಮುಂದೆ, ಹೊಟ್ಟೆಯಡಿ ಮೊದಲೇ ಕೊರೆದಿಟ್ಟ ಗುಳಿಯಲ್ಲಿ ತುಂಬಬೇಕು. ಓಟ ಶುರುವಾಗುವಾಗ ಕಾರಿನ ಹಿಂಭಾಗ ಇಳಿಜಾರಿನಲ್ಲಿ ಎತ್ತರದಲ್ಲಿರುವುದರಿಂದ ಅಲ್ಲಿಟ್ಟ ಭಾರ ಹೆಚ್ಚು ಕೆಳಗಿಳಿಯುತ್ತದೆ, ಕಾರಿಗೆ ಅಷ್ಟು ವೇಗ ಕೂಡುತ್ತದೆ. ಗುಳಿಗೆ ತೆಳುಹಲಗೆಯ ಮುಚ್ಚಳ ಅಂಟಿಸುತ್ತೀರಲ್ಲ, ಅದನ್ನೂ ಅದಕ್ಕೆ ಬಳಿಯುವ ಬಣ್ಣವನ್ನೂ ಲೆಕ್ಕಕ್ಕೆ ಹಿಡಿದು ಒಂದೆರಡು ಗ್ರಾಂ ಕಡಿಮೆಯೇ ತುಂಬಿ.